ಪಾವತಿ ಕೊಟ್ಟ ಮೇಲೆ

ನಮ್ಮ ತಂದೆಯವರು ಅಂಚೆ ಇಲಾಖೆಯಲ್ಲಿ ಮೂವತ್ತಾರು ವರ್ಷ ಸೇವೆ ಸಲ್ಲಿಸಿ ನಿವೃತ್ತರಾದವರು. ಆ ಸೇವೆಯ ಬಹುಭಾಗ ಹುಮನಾಬಾದಿನಲ್ಲಿಯೇ ಕಳೆಯಿತು. ಮನೆ ಮಾತ್ರ ಬಸವಕಲ್ಯಾಣದಲ್ಲಿ. ಮುಂಜಾನೆಯ ಬಸ್ಸಿಗೆ ಹೋಗಿ ಸಂಜೆ ಕತ್ತಲಾದ ಮೇಲೆ ಮರಳುತ್ತಿದ್ದರು. ನಮ್ಮ ಭಾಗದಲ್ಲಿ ‘ಅಂಚೆ’ ಎಂಬುದು ಬರವಣಿಗೆಯ ಮಾತು, ಆಡುವಾಗ ಟಪಾಲು. ‘ಪಾವತಿ’ ಎಂಬ ಮಾತೂ ಅಂಥದೇ. ಬೆಂಗಳೂರಿನ ಕಡೆಯವರಿಗೆ ಪಾವತಿಯೆಂದರೆ ಹಣ ಸಲ್ಲಿಸುವುದು. ನಮ್ಮಲ್ಲಿ ಹಣವಾಗಲಿ ವಸ್ತುವಾಗಲಿ ಮುಟ್ಟಿತೆಂದು ಬರೆದುಕೊಡುವ ಚೀಟಿಗೇ ಪಾವತಿಯೆನ್ನುವುದು ರೂಢಿ. ಈ ಲೇಖನದಲ್ಲಿ ಆ ಮಾತು ನಮ್ಮೂರಿನ ಅರ್ಥದಲ್ಲಿಯೇ ಬರುತ್ತದೆಂದು ಓದುಗ ಬಂಧುಗಳು ತಿಳಿಯಬೇಕು.

ನಾವು ಹೈದರಾಬಾದಿನ ಒಂದು ಕಂಪನಿಯಲ್ಲಿ ಸರ್ವರುಗಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದೇವೆ. ಕಂಪನಿಯ ಹೆಸರು ಇಲ್ಲಿ ಅನವಶ್ಯಕ. ನೆಂಟರಿಷ್ಟರು ‘ಕಂಪ್ಯೂಟರಿನಲ್ಲಿ ಏನು ಕೆಲಸ?’ ಎಂದು ಕೇಳಿದಾಗ ನಾವು ಬಹುಕಾಲ ಸರಿಯಾದ ಉತ್ತರ ಕೊಡಲಾರದೆ ಹೋದೆವು. ಕೊನೆಗೊಮ್ಮೆ ತಂದೆಯವರೇ ನಮ್ಮ ಮಾತನ್ನು ಪೂರ್ತಿ ಕೇಳಿ, “ಅಂದರ ನೀನೂ ಟಪಾಲು ಕಚೇರಿ ನಡಸ್ತಿ” ಎಂದರು. ಅದಕ್ಕಿಂತ ನೇರವಾದ ವಿವರಣೆ ಇಂದಿಗೂ ನಮಗೆ ದೊರೆತಿಲ್ಲ.

ಒಂದು ಬ್ಯಾಂಕಿನ ಗಣಕಯಂತ್ರವು ಒಂದು ಕಾಲೇಜಿನ ಗಣಕಯಂತ್ರಕ್ಕೆ ‘ಇಂಥ ವಿದ್ಯಾರ್ಥಿಯ ಶುಲ್ಕ ಜಮೆಯಾಗಿದೆ’ ಎಂಬ ಸುದ್ದಿಯನ್ನು ತಿಳಿಸಬೇಕೆನ್ನಿ. ನೇರವಾಗಿ ತಿಳಿಸಲು ಇಬ್ಬರೂ ಅದೇ ಕ್ಷಣದಲ್ಲಿ ಎಚ್ಚರವಿರಬೇಕು. ಒಬ್ಬರು ಮಲಗಿದ್ದರೆ ಸುದ್ದಿ ಗಾಳಿಪಾಲು. ಆದುದರಿಂದ ನಡುವೆ ಒಂದು ಸರ್ವರನ್ನಿಟ್ಟು, ಬಂದ ಸುದ್ದಿಗಳನ್ನೆಲ್ಲ ಅದು ಸಾಲಾಗಿ ಕಾಯ್ದಿಟ್ಟುಕೊಂಡು, ಪಡೆಯುವವರು ಬಂದಾಗ ಒಂದೊಂದಾಗಿ ಕೊಡುವಂತೆ ಏರ್ಪಡಿಸುತ್ತಾರೆ. ಇದಕ್ಕೆ ಮೆಸೇಜ್ ಕ್ಯೂ ಎಂದು ಹೆಸರು. ಕಳುಹಿಸಿದವನಿಗೆ ಸರ್ವರು ‘ಮುಟ್ಟಿತು’ ಎಂದು ಪಾವತಿ ಕೊಡುತ್ತದೆ. ಆ ಬಳಿಕ ಅವನು ತನ್ನ ಪ್ರತಿಯನ್ನು ಅಳಿಸಿಹಾಕಬಹುದು. ಪಡೆದವನೂ ಹಾಗೆಯೇ ಸರ್ವರಿಗೆ ಪಾವತಿ ಕೊಡುತ್ತಾನೆ. ಆಗ ಸರ್ವರು ತನ್ನ ಪ್ರತಿಯನ್ನು ತೆಗೆದುಹಾಕುತ್ತದೆ. ರಿಜಿಸ್ಟರ್ ಟಪಾಲಿನ ಕ್ರಮವೇ ಇದು. ಬ್ಯಾಂಕುಗಳಲ್ಲಿ ಈ ಪದ್ಧತಿ ಹಳೆಯದು. ಐಬಿಎಂ ಕಂಪನಿಯ ಎಂಕ್ಯು ಎಂಬ ತಂತ್ರಾಂಶ 1993ರಲ್ಲಿ ಬಂದಿತು. ನಾವು ಬಳಸುತ್ತಿದ್ದುದು 2007ರಲ್ಲಿ ಹೊರಬಂದ ರ‍್ಯಾಬಿಟ್‌ಎಂಕ್ಯು. ಅದು ಎರ್ಲಾಂಗ್ ಎಂಬ ಭಾಷೆಯಲ್ಲಿ ರಚಿತವಾದುದು. ಆ ಭಾಷೆಯನ್ನು ಸ್ವೀಡನ್ ದೇಶದ ಎರಿಕ್ಸನ್ ಕಂಪನಿಯಲ್ಲಿ ಜೋ ಆರ್ಮ್‌ಸ್ಟ್ರಾಂಗ್ ಮತ್ತು ಅವರ ಸಂಗಡಿಗರು 1986ರಿಂದ ಟೆಲಿಫೋನ್ ವಿನಿಮಯ ಕೇಂದ್ರಗಳಿಗಾಗಿ ಕಟ್ಟಿದರು. ಒಂದು ಭಾಗ ಕೆಟ್ಟರೂ ಉಳಿದ ಭಾಗ ನಡೆಯುತ್ತಿರಬೇಕು, ಫೋನು ಸತ್ತುಹೋಗಬಾರದು ಎಂಬುದು ಅದರ ಹುಟ್ಟುಗುಣ. ಆ ಮಹನೀಯರು 2019ರ ಏಪ್ರಿಲ್ 20ರಂದು ತೀರಿಕೊಂಡರು. ನಾವು ಹೇಳಹೊರಟ ಸಂಗತಿ ನಡೆದುದು ಅದರ ಹದಿನೇಳು ದಿನಗಳ ಬಳಿಕ.

ಒಂದೇ ಸರ್ವರನ್ನು ನಂಬಿ ಕೂಡಲಾಗದು. ಅದು ಕೆಟ್ಟರೆ ಎಲ್ಲವೂ ನಿಂತುಹೋಗುತ್ತದೆ. ಆದುದರಿಂದ ಕೆಲವು ಸರ್ವರುಗಳನ್ನು ಒಂದು ಮನೆತನದಂತೆ ಕೂಡಿಸಿ, ಒಂದರಲ್ಲಿದ್ದುದರ ಪ್ರತಿ ಮತ್ತೊಂದರಲ್ಲಿಯೂ ಇರುವಂತೆ ಮಾಡುತ್ತಾರೆ. ಇದು ಕ್ಲಸ್ಟರ್. ನಮ್ಮ ಕ್ಲಸ್ಟರಿನಲ್ಲಿ ನಾಲ್ಕು ಸರ್ವರುಗಳು: ಎರಡು ಹೈದರಾಬಾದಿನ ಡೇಟಾ ಸೆಂಟರಿನಲ್ಲಿ, ಎರಡು ನವಿ ಮುಂಬಯಿಯದರಲ್ಲಿ. ಭೂಕಂಪವಾಗಲಿ, ಬೆಂಕಿ ಬೀಳಲಿ, ಒಂದು ಊರು ಉಳಿಯುತ್ತದೆಂಬ ಲೆಕ್ಕ. ಇಷ್ಟು ದೂರದ ಊರುಗಳ ನಡುವೆ ಒಂದೇ ಕ್ಲಸ್ಟರನ್ನು ಹಬ್ಬಿಸಬೇಡಿರೆಂದು ಆ ತಂತ್ರಾಂಶದ ಕೈಪಿಡಿಯಲ್ಲಿಯೇ ಸ್ಪಷ್ಟವಾಗಿ ಬರೆದಿತ್ತು. ನಾವದನ್ನು ಓದಿರಲಿಲ್ಲವೆಂದಲ್ಲ, ಓದಿಯೂ ಅಲಕ್ಷಿಸಿದೆವು. ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. 700 ಕಿಲೋಮೀಟರಿಗೆ ಹೋಗಿ ಬರಲು ಸೆಕೆಂಡಿನ ಸಾವಿರದ ಏಳು ಭಾಗ ಸಾಕು. ಇಷ್ಟು ಹತ್ತಿರವಿರುವಾಗ ದೂರವೆಲ್ಲಿಯದು ಎಂಬುದು ನಮ್ಮ ಜಾಣತನ. ಆದರೆ ಆ ಎಳೆ ಹಾಯ್ದುಬರುವ ದಾರಿಯನ್ನು ನಾವು ಎಳವೆಯಿಂದಲೂ ಬಲ್ಲವರು. ಪುಣೆಯಿಂದ ಸೊಲ್ಲಾಪುರ, ಹುಮನಾಬಾದ್‌ಗಳ ಮೇಲೆ ಹಾಯ್ದು ಹೈದರಾಬಾದಿಗೆ ಹೋಗುವ ಹೆದ್ದಾರಿಯ ಅಂಚಿನ ಮಣ್ಣಿನಲ್ಲಿಯೇ ನಮ್ಮ ಕೇಬಲ್ಲೂ ಹೂತಿತ್ತು. ಆ ದಾರಿಗೆ ಹಿಂದೆ 9 ಎಂಬ ಸಂಖ್ಯೆ, ಈಗ 65. ಅದರ ಬದಿಯ ಮಣ್ಣನ್ನು ಯಾರು ಯಾವಾಗ ಅಗೆಯುತ್ತಾರೆಂಬುದಕ್ಕೆ ಲೆಕ್ಕವಿಲ್ಲವೆಂಬುದನ್ನು ಬಸವಕಲ್ಯಾಣದವರಿಗೆ ಹೇಳಿಕೊಡಬೇಕಿಲ್ಲ.

2019ರ ಮೇ 7ರಂದು ಬಸವ ಜಯಂತಿ. ನಾವು ತವರುಮನೆಗೆ ಬಂದಿದ್ದೆವು. ಮೆರವಣಿಗೆ, ಪ್ರಸಾದ, ಬಂದುಹೋಗುವವರ ಉಪಚಾರ ಎಲ್ಲ ಮುಗಿದು ಮಲಗಿದಾಗ ಹನ್ನೊಂದು ಹೊಡೆದಿತ್ತು. ಬೇಸಗೆಯ ಸೆಕೆಗೆ ಮಾಳಿಗೆಯ ಮೇಲೆ ಹಾಸಿಕೊಂಡಿದ್ದೆವು. ಒಂದು ಗಂಟೆ ನಲವತ್ತು ನಿಮಿಷಕ್ಕೆ ಫೋನು ಬಂದಿತು. ರಾತ್ರಿಪಾಳಿಯಲ್ಲಿದ್ದ ಹುಡುಗನ ದನಿ ನಡುಗುತ್ತಿತ್ತು. ದಿನದ ವ್ಯವಹಾರ ಮುಗಿದ ಮೇಲೆ ಬ್ಯಾಂಕುಗಳೂ ಸಹಕಾರಿ ಸಂಘಗಳೂ ಆ ದಿನ ತುಂಬಿಸಿಕೊಂಡ ಕಾಲೇಜು ಶುಲ್ಕದ ಸುದ್ದಿಗಳನ್ನು ನಡುರಾತ್ರಿಯ ಸುಮಾರಿಗೆ ಕಳುಹಿಸುತ್ತಿದ್ದವು. ಬಂದವೆಷ್ಟು, ಮುಟ್ಟಿದವೆಷ್ಟು ಎಂಬ ತಾಳೆಯಲ್ಲಿ ನೂರಾರು ಕಡಿಮೆ ಬೀಳುತ್ತಿದ್ದವು. ಕೆಲವು ಕಾಲೇಜುಗಳಲ್ಲಿ ಪ್ರವೇಶದ ಕೊನೆಯ ದಿನ 9ನೆಯ ತಾರೀಖು.

ಮೊಬೈಲಿನ ಇಂಟರ್‌ನೆಟ್ಟಿಗೆ ಲ್ಯಾಪ್‌ಟಾಪ್ ಜೋಡಿಸಿ ಅಲ್ಲಿಯೇ ಕುಳಿತೆವು. ಇಂಥ ಹೊತ್ತಿನಲ್ಲಿ ನೋಡಬೇಕಾದುವನ್ನು ಒಂದರ ಮೇಲೊಂದು ನೋಡಿದೆವು. ಡಿಸ್ಕಿನಲ್ಲಿ ಜಾಗವಿತ್ತು. ಮೆಮೊರಿ ಮಿತಿಯೊಳಗಿತ್ತು, ಮಿತಿ ಮೀರಿದರೆ ಸರ್ವರು ಹೊಸ ಸುದ್ದಿಗಳನ್ನು ತಡೆಹಿಡಿಯುತ್ತದೆ, ಹಾಗೇನೂ ಆಗಿರಲಿಲ್ಲ. ನಾಲ್ಕೂ ಸರ್ವರುಗಳು ಜೀವಂತ. ಹೈದರಾಬಾದಿನಿಂದ ನವಿ ಮುಂಬಯಿಗೆ ಕೂಗು ಹಾಕಿದರೆ ಓಗೊಡುತ್ತಿತ್ತು. ಕಣ್ಗಾವಲಿನ ಪರದೆಯ ಮೇಲೆ ಎಲ್ಲ ದೀಪಗಳೂ ಹಸಿರು. ಅರ್ಧ ಗಂಟೆ ಹೀಗೆ ವ್ಯರ್ಥವಾಯಿತು. ಆ ಮೇಲೆ ಒಂದೊಂದು ಸರ್ವರನ್ನೂ ಬೇರೆಬೇರೆಯಾಗಿ ‘ನಿನ್ನ ಮನೆತನದಲ್ಲಿ ಯಾರು ಯಾರಿದ್ದಾರೆ?’ ಎಂದು ಕೇಳಿದೆವು. ಹೈದರಾಬಾದಿನದು ‘ನಾವಿಬ್ಬರೇ’ ಎಂದಿತು. ನವಿ ಮುಂಬಯಿಯದೂ ‘ನಾವಿಬ್ಬರೇ’ ಎಂದಿತು.

ಆದುದಿಷ್ಟು. ಹನ್ನೆರಡೂವರೆಗೆ ಹೆದ್ದಾರಿಯ ಬದಿಯಲ್ಲಿ ಎಲ್ಲಿಯೋ ಕೇಬಲ್ ಕಡಿಯಿತು. ಎರಡನೆಯ ದಾರಿಗೆ ಹೊರಳಿಕೊಳ್ಳಲು ಆರು ನಿಮಿಷ ಹಿಡಿಯಿತು. ಈ ಸರ್ವರುಗಳು ಪರಸ್ಪರ ಉಸಿರಾಟವನ್ನು ಆಲಿಸುತ್ತಿರುತ್ತವೆ. ಸುಮಾರು ಒಂದು ನಿಮಿಷ ಸದ್ದು ಕೇಳಿಸದಿದ್ದರೆ ಇನ್ನೊಂದು ಸತ್ತಿತೆಂದು ಬಗೆಯುತ್ತವೆ. ಎರಡೂ ಕಡೆಯವು ಹಾಗೆಯೇ ಬಗೆದು, ಉಳಿದವರು ನಾವೇ, ಮನೆ ನಡೆಸುವ ಭಾರ ನಮ್ಮದೇ ಎಂದು ಸುದ್ದಿಗಳನ್ನು ಸ್ವೀಕರಿಸತೊಡಗಿದವು. ಬಂದುದಕ್ಕೆಲ್ಲ ಪಾವತಿಯನ್ನೂ ಕೊಟ್ಟವು. ದಾರಿ ಮತ್ತೆ ತೆರೆದಾಗಲೇ ಅವಕ್ಕೆ ತಿಳಿದುದು, ಸತ್ತವರಾರೂ ಇರಲಿಲ್ಲವೆಂದು. ಆಗ ದಿನಚರಿಯಲ್ಲಿ ಒಂದು ಸಾಲು ಬರೆದುಕೊಂಡವು, ಅಷ್ಟೆ. ತಮ್ಮಷ್ಟಕ್ಕೆ ತಾವು ಕೂಡಿಕೊಳ್ಳಲಿಲ್ಲ. ಎರಡು ಲೆಕ್ಕ ಬೇರೆಯಾದ ಮೇಲೆ ಯಾವುದು ಸರಿಯೆಂದು ಹೇಳುವುದು ಯಂತ್ರದ ಕೈಯಲ್ಲಿಲ್ಲ. ನಮ್ಮ ಕಣ್ಗಾವಲು ‘ಬದುಕಿದ್ದೀಯಾ?’ ಎಂದಷ್ಟೇ ಕೇಳುತ್ತಿತ್ತು, ‘ಕೂಡಿದ್ದೀಯಾ?’ ಎಂದು ಕೇಳಲು ನಾವು ಕಲಿಸಿರಲಿಲ್ಲ.

ಇಲ್ಲಿಯವರೆಗೆ ನಡೆದುದು ಕೇಬಲ್ಲಿನ ತಪ್ಪು, ಏರ್ಪಾಟಿನ ತಪ್ಪು. ಮುಂದಿನದು ನಮ್ಮ ಕೈಯ ತಪ್ಪು. ಕೈಪಿಡಿಯ ಪ್ರಕಾರ ಎರಡು ಬಣಗಳಲ್ಲಿ ಹೆಚ್ಚು ನಂಬತಕ್ಕದ್ದನ್ನು ಆರಿಸಿಕೊಂಡು, ಇನ್ನೊಂದು ಬಣದ ಸರ್ವರುಗಳನ್ನು ನಿಲ್ಲಿಸಿ ಮತ್ತೆ ಚಾಲೂ ಮಾಡಬೇಕು. ಅವು ತಮ್ಮಲ್ಲಿದ್ದುದನ್ನು ಬಿಟ್ಟುಕೊಟ್ಟು ನಂಬಿದ ಬಣದ ಪ್ರತಿಯನ್ನು ತೆಗೆದುಕೊಳ್ಳುತ್ತವೆ. ಕಾಲೇಜುಗಳ ಕಡೆಯ ಯಂತ್ರಗಳೆಲ್ಲ ಹೈದರಾಬಾದಿಗೆ ಜೋಡಿಸಿದ್ದವು. ಆದುದರಿಂದ ಅದನ್ನು ನಂಬಿದೆವು. ನವಿ ಮುಂಬಯಿಯ ಎರಡನ್ನೂ ನಿಲ್ಲಿಸಿ ಚಾಲೂ ಮಾಡಿರೆಂದು ಹುಡುಗನಿಗೆ ಅಪ್ಪಣೆ ಕೊಟ್ಟೆವು. ಹತ್ತು ನಿಮಿಷದಲ್ಲಿ ನಾಲ್ಕೂ ಒಂದೇ ಪಟ್ಟಿಯಲ್ಲಿ ಕಾಣಿಸಿದವು. ಗೆದ್ದೆವೆಂದು ಮೂರು ಗಂಟೆಗೆ ಮಲಗಿದೆವು.

ಆರು ಗಂಟೆಗೆ ಎದ್ದು ನೋಡಿದರೆ ತಾಳೆಯಲ್ಲಿ 437 ಇನ್ನೂ ಕಡಿಮೆ. ಕಡಿದ ಗಳಿಗೆಯಿಂದ ನಾವು ನಿಲ್ಲಿಸುವವರೆಗೆ ಕೆಲವು ಬ್ಯಾಂಕುಗಳ ಸುದ್ದಿಗಳು ನವಿ ಮುಂಬಯಿಯಲ್ಲಿ ಬಂದು ಕುಳಿತಿದ್ದವು. ಅಲ್ಲಿ ಪಡೆಯುವವರು ಯಾರೂ ಇರಲಿಲ್ಲವಾಗಿ ಹಾಗೆಯೇ ಕಾಯುತ್ತಿದ್ದವು. ಅವನ್ನು ಮೊದಲು ಬೇರೊಂದು ಸರ್ವರಿಗೆ ತೋಡಿಕೊಂಡು ಆಮೇಲೆ ನಿಲ್ಲಿಸಬೇಕಿತ್ತು. ಅರ್ಧ ತಾಸಿನ ಕೆಲಸ. ಅವಸರದಲ್ಲಿ ನಾವದನ್ನು ಮಾಡಲಿಲ್ಲ. ನಮ್ಮ ಅಪ್ಪಣೆಯಿಂದಲೇ 437 ಕುಟುಂಬಗಳ ಸುದ್ದಿ ಅಳಿದುಹೋಗಿತ್ತು.

ಇದನ್ನು ಬರೆಯುವಾಗ ನಮಗೆ ಒಂದು ವಿಷಯ ಮನಸ್ಸಿಗೆ ಬರುತ್ತದೆ. ನಾವು ಹುಟ್ಟಿ ಬೆಳೆದ ಊರು ಎಂಥದು! ಹನ್ನೆರಡನೆಯ ಶತಮಾನದ ಕ್ರಾಂತಿಯ ನಂತರ ಶರಣರು ಕಲ್ಯಾಣವನ್ನು ಬಿಟ್ಟು ದಿಕ್ಕುದಿಕ್ಕಿಗೆ ಚದುರಿದರು. ವಚನಗಳು ಮಠಗಳಲ್ಲಿ, ಮನೆಗಳ ಜಂತಿಯ ಸಂದುಗಳಲ್ಲಿ ತಾಳೆಗರಿಯ ಕಟ್ಟುಗಳಾಗಿ ಉಳಿದವು. ಒಂದು ಪ್ರತಿ ಇನ್ನೊಂದನ್ನು ನೂರಾರು ವರ್ಷ ಕಾಣಲಿಲ್ಲ. ಫ.ಗು. ಹಳಕಟ್ಟಿಯವರು ಮನೆಮನೆಗೆ ಅಲೆದು ಆ ಕಟ್ಟುಗಳನ್ನು ಕೂಡಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಅಚ್ಚು ಹಾಕಿಸಿದ ಕಥೆ ಈ ಪತ್ರಿಕೆಯ ಓದುಗರಿಗೆ ಗೊತ್ತಿದ್ದದ್ದೇ. ಮುಂದೆ ಹದಿನೈದು ಸಂಪುಟಗಳಲ್ಲಿ ಸಮಗ್ರ ವಚನಗಳು ಹೊರಬಂದುದೂ ಗೊತ್ತು. ಒಂದೇ ವಚನ ಎರಡು ಪ್ರತಿಗಳಲ್ಲಿ ಎರಡು ಬಗೆಯಾಗಿ ದೊರೆತಾಗ ಸಂಪಾದಕರು ಒಂದನ್ನು ಮೇಲೆ ಅಚ್ಚು ಮಾಡಿ, ಇನ್ನೊಂದನ್ನು ಪಾಠಾಂತರವೆಂದು ಅಡಿಯಲ್ಲಿ ಕೊಡುತ್ತಾರೆ. ಕಡಿಮೆ ನಂಬಿಕೆಯ ಪ್ರತಿಯನ್ನು ಓದದೆ ಒಲೆಗೆ ಹಾಕಿದ ಸಂಪಾದಕರನ್ನು ನಾವು ಕೇಳಿಲ್ಲ. ಆ ರಾತ್ರಿ ಮಾಳಿಗೆಯ ಮೇಲೆ ಕುಳಿತು ನಾವು ಮಾಡಿದುದು ಅದನ್ನೇ.

ಬೆಳಿಗ್ಗೆ ಏಳಕ್ಕೆ ಮೇಲಧಿಕಾರಿಗಳೊಂದಿಗೆ ಮಾತಾಯಿತು. ಅವರು ಕೆಟ್ಟವರಲ್ಲ, ಕಂಪನಿಯ ಹಿತ ನೋಡುವವರು. ‘ತಾಂತ್ರಿಕ ಕಾರಣದಿಂದ ಕೆಲವು ಮಾಹಿತಿಗಳು ತಡವಾಗಿವೆ’ ಎಂದು ಗಿರಾಕಿಗಳಿಗೆ ಒಂದು ಪತ್ರ ಬರೆದುಕೊಡಿ, ಅಷ್ಟರೊಳಗೆ ಏನಾದರೂ ಮಾಡೋಣ ಎಂದರು. ನಮಗೂ ಅದು ಹಿತವಾಗಿಯೇ ಕೇಳಿಸಿತೆಂದು ಒಪ್ಪಿಕೊಳ್ಳಬೇಕು. ಕೆಳಗಿಳಿದು ಬಂದಾಗ ತಂದೆಯವರು ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಕುಳಿತಿದ್ದರು.

“ಯಾಕವ್ವಾ, ರಾತ್ರಿಯೆಲ್ಲಾ ಮಾಳಿಗಿ ಮ್ಯಾಲ ಬೆಳಕು ಇತ್ತು?” ಎಂದರು.

ಹೇಳಿದೆವು. ಅವರು ನಡುವೆ ಬಾಯಿ ಹಾಕಲಿಲ್ಲ. ಪೂರ್ತಿ ಕೇಳಿ ಒಂದೇ ಪ್ರಶ್ನೆ ಕೇಳಿದರು.

“ಕಳಿಸಿದವರಿಗಿ ಪಾವತಿ ಕೊಟ್ಟೀರೇನು?”

“ಕೊಟ್ಟೀವಿ ಅಪ್ಪಾಜಿ.”

“ಮತ್ತ ತಡಾ ಆಗ್ಯಾವ ಅಂತ ಹ್ಯಾಂಗ ಬರೀತಿ? ಪಾವತಿ ಕೊಟ್ಟ ಮ್ಯಾಲ ಅವು ನಿಮ್ಮವು. ಕಳದಾವ ಅಂದ್ರ ಅವರು ತಮ್ಮ ಬುಕ್ಕ ತೆಗದು ನೋಡ್ತಾರ. ತಡಾ ಅಂದ್ರ ಕಾಯ್ಕೋತ ಕೂಡ್ತಾರ.”

ನಮ್ಮ ತಂದೆಯವರ ಕೆಲಸದ ರೀತಿಯ ಬಗ್ಗೆ ಒಂದು ಮಾತು ಹೇಳಬೇಕು. ರಾತ್ರಿಯ ಬಸ್ಸಿಗೆ ಬರುವ ಟಪಾಲು ಚೀಲದ ಬಾಯಿಗೆ ಅರಗಿನ ಮುದ್ರೆಯಿರುತ್ತಿತ್ತು. ಮಳೆಗಾಲದ ಒಂದು ರಾತ್ರಿ ದಾರಿಯ ಕುಲುಕಾಟಕ್ಕೆ ಮುದ್ರೆ ಬಿರುಕು ಬಿಟ್ಟಿತ್ತು. ಸಹಿ ಹಾಕಿ ಚೀಲ ಇಳಿಸಿಕೊಳ್ಳಿರೆಂದು ಬಸ್ಸಿನವರು ಅವಸರಪಡಿಸಿದರು. ತಂದೆಯವರು ಚೀಲವನ್ನು ತೂಗಿಸಿ, ಇಬ್ಬರು ಸಾಕ್ಷಿಗಳ ಮುಂದೆ ಬಿಚ್ಚಿಸಿ, ಪಟ್ಟಿಗೆ ಒಂದೊಂದು ಟಪಾಲನ್ನೂ ತಾಳೆ ನೋಡಿಯೇ ಸಹಿ ಮಾಡಿದರಂತೆ. ಬಸ್ಸಿನೊಳಗಿನವರು ಬೈದರು, ಚಾಲಕ ಹಾರ್ನ್ ಹೊಡೆದ. ಟಪಾಲು ಒಂದೂ ಕಡಿಮೆಯಿರಲಿಲ್ಲ. ಮನೆಯಲ್ಲಿ ನಾವು ಈ ಕಥೆಯನ್ನು ಅವರ ಹಟಮಾರಿತನಕ್ಕೆ ಉದಾಹರಣೆಯೆಂದು ನಗುತ್ತ ಹೇಳುತ್ತಿದ್ದೆವು.

ನಾವು ಪತ್ರ ಬರೆದೆವು. ‘ನಿಮ್ಮಿಂದ ಮುಟ್ಟಿವೆ, ಪಾವತಿ ಕೊಟ್ಟಿದ್ದೇವೆ, ನಮ್ಮ ತಪ್ಪಿನಿಂದ ಅಳಿದಿವೆ, ದಯವಿಟ್ಟು ಹನ್ನೆರಡರಿಂದ ಮೂರರವರೆಗಿನ ನಿಮ್ಮ ಖಾತೆಪುಸ್ತಕವನ್ನು ತೆಗೆದು ಮತ್ತೆ ಕಳುಹಿಸಿರಿ’ ಎಂಬುದು ಅದರ ಸಾರ. ಮೇಲಧಿಕಾರಿಗಳು ಬಹಳ ಹೊತ್ತು ಸುಮ್ಮನಿದ್ದು, ಕೊನೆಗೆ ಕಳುಹಿಸಿರೆಂದರು. ಮರುವರ್ಷ ಒಬ್ಬ ಗಿರಾಕಿ ನಮ್ಮನ್ನು ಬಿಟ್ಟುಹೋದ. ನಮಗೆ ಆ ವರ್ಷದ ಬಡ್ತಿ ತಪ್ಪಿತು. ಆದರೆ ಆ ದಿನ ಬ್ಯಾಂಕಿನವರು ಬೈಯುತ್ತಲೇ ತಮ್ಮ ದಿನದ ಖಾತೆಯನ್ನು ತೆಗೆದರು. 8ನೆಯ ತಾರೀಖಿನ ರಾತ್ರಿಯೊಳಗೆ 436 ಕೂಡಿದವು.

ಒಂದು ಉಳಿಯಿತು. ಅದು ಹುಮನಾಬಾದಿನದು! ಒಂದು ಸಹಕಾರಿ ಸಂಘದ ಗಲ್ಲೆಯಲ್ಲಿ ನಗದಾಗಿ ತುಂಬಿದ ಹಣ. ಅಲ್ಲಿಯ ಯಂತ್ರದಲ್ಲಿ ಪ್ರತಿ ಅಳಿದಿತ್ತು, ಚೀಟಿಪುಸ್ತಕವಿದ್ದ ಕಪಾಟಿನ ಕೀಲಿ ಮದುವೆಗೆ ಹೋದವರ ಹತ್ತಿರ. ‘ನೀವು ಅಲ್ಲಿಯೇ ಇದ್ದೀರಲ್ಲ’ ಎಂದರು ಕಚೇರಿಯವರು. 9ರ ಮುಂಜಾನೆ ನಾವು ಬಸ್ಸು ಹತ್ತಿದೆವು. ತಂದೆಯವರೂ ಟೋಪಿ ಹಾಕಿಕೊಂಡು ಜೊತೆಗೆ ಹೊರಟರು. ನಿವೃತ್ತರಾದ ಮೇಲೆ ಹುಮನಾಬಾದಿಗೆ ಹೋಗಲು ಅವರಿಗೊಂದು ನೆಪ ಬೇಕಾಗಿತ್ತೆಂದು ತೋರುತ್ತದೆ. ಸಸ್ತಾಪುರ ಬಂಗಲೆಯ ಬಳಿ ಹೆದ್ದಾರಿಯನ್ನು ಸೇರಿ ರಾಜೇಶ್ವರದ ಕಡೆಗೆ ಸಾಗುವಾಗ, ಕೇಬಲ್ ಇದೆ ಅಗೆಯಬೇಡಿರೆಂದು ಬರೆದ ಗಿಡ್ಡ ಕಂಬಗಳು ರಸ್ತೆಯ ಬದಿಯಲ್ಲಿ ಒಂದಾದಮೇಲೊಂದು ಹಿಂದಕ್ಕೆ ಸರಿದವು. ಇಷ್ಟು ವರ್ಷ ಅವನ್ನು ನಾವು ಮೈಲಿಗಲ್ಲೆಂದೇ ಭಾವಿಸಿದ್ದೆವು.

ಬಸ್ ನಿಲ್ದಾಣದಿಂದ ವೀರಭದ್ರೇಶ್ವರ ಗುಡಿಯ ಕಡೆಗೆ ಹೋಗುವ ಓಣಿಯಲ್ಲಿ ಆ ಮನೆ. ಯಜಮಾನರು ಬಟ್ಟೆ ಹೊಲಿಯುವವರು. ಮಗಳು ಕಲಬುರಗಿಯ ಕಾಲೇಜಿನಲ್ಲಿ ಪದವಿಗೆ ಹಚ್ಚಿದ್ದಳು. ವಿಷಯ ಹೇಳುತ್ತಿದ್ದಂತೆ ಅವರ ಮುಖ ಕಳೆಗುಂದಿತು.

“ಯಾಕ್ರಿ, ರೊಕ್ಕ ಮುಟ್ಟಿಲ್ಲೇನು?”

“ರೊಕ್ಕ ಮುಟ್ಯಾದ್ರಿ. ಸುದ್ದಿ ಮುಟ್ಟಿಲ್ಲ. ತಪ್ಪು ನಮ್ದು” ಎಂದೆವು.

ಅವರು ಒಳಗೆ ಹೋಗಿ, ದೇವರ ಮಾಡಿನಲ್ಲಿ ವಿಭೂತಿಗಟ್ಟಿಯ ಕೆಳಗೆ ಮಡಚಿಟ್ಟಿದ್ದ ಚೀಟಿಯನ್ನು ತಂದುಕೊಟ್ಟರು. ಹಳದಿ ಚೀಟಿ, ಮೂಲೆಗೆ ವಿಭೂತಿಯ ಬಿಳುಪು ಹತ್ತಿತ್ತು. ಸಂಖ್ಯೆ, ತಾರೀಖು, ಸಹಿ, ಶಿಕ್ಕೆ ಎಲ್ಲ ಸ್ಪಷ್ಟ. ತಂದೆಯವರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಎರಡೂ ಬದಿ ನೋಡಿ, “ಪಾವತಿ ಬರೋಬರಿ ಅದ” ಎಂದು ತೀರ್ಪು ಕೊಟ್ಟರು. ನಾವು ಫೋಟೋ ತೆಗೆದು ಕಳುಹಿಸಿದೆವು. ಮಧ್ಯಾಹ್ನ ಮೂರರೊಳಗೆ ಕಾಲೇಜಿನ ಪಟ್ಟಿಯಲ್ಲಿ ಹೆಸರು ಕಂಡಿತೆಂದು ಆ ಹುಡುಗಿಯೇ ಫೋನು ಮಾಡಿ ತಿಳಿಸಿದಳು. ಅವರ ಮನೆಯಲ್ಲಿ ಚಹಾ ಕುಡಿಯದೆ ಬಿಡಲಿಲ್ಲ.

ಇಂಥ ಪ್ರಸಂಗ ನಮಗೊಬ್ಬರಿಗೇ ಒದಗಿದುದಲ್ಲ. ಜಗತ್ತಿನ ತಂತ್ರಾಂಶಗಳ ದೊಡ್ಡ ಭಂಡಾರವಾದ ಗಿಟ್‌ಹಬ್‌ನಲ್ಲಿ 2018ರ ಅಕ್ಟೋಬರ್ 21ರಂದು, ಅಮೆರಿಕದ ಪೂರ್ವ ಕರಾವಳಿಯ ಡೇಟಾ ಸೆಂಟರಿನ ಸಂಪರ್ಕ ಕೇವಲ 43 ಸೆಕೆಂಡು ಕಡಿದಿತ್ತು. ಅಷ್ಟರಲ್ಲಿಯೇ ಪಶ್ಚಿಮದ ಸರ್ವರುಗಳು ಯಜಮಾನಿಕೆ ವಹಿಸಿಕೊಂಡವು. ಎರಡೂ ಕಡೆ ಒಂದರಲ್ಲಿಲ್ಲದ ಬರಹ ಇನ್ನೊಂದರಲ್ಲಿ ಉಳಿಯಿತು. ಸರಿಪಡಿಸಲು 24 ಗಂಟೆ 11 ನಿಮಿಷ ಹಿಡಿಯಿತು. ಸೇವೆ ಕುಂಟಿದರೂ ಚಿಂತೆಯಿಲ್ಲ, ಬರಹ ಅಳಿಯಬಾರದೆಂದು ಅವರು ನಿರ್ಧರಿಸಿದರು. ಕಾಯುತ್ತಿದ್ದ ಐವತ್ತು ಲಕ್ಷಕ್ಕೂ ಹೆಚ್ಚು ಸುದ್ದಿಗಳಲ್ಲಿ ಸುಮಾರು 2 ಲಕ್ಷ ಅವಧಿ ಮೀರಿ ಬಿದ್ದುಹೋದವೆಂಬುದನ್ನೂ ಮುಚ್ಚಿಡದೆ ತಾವೇ ಪ್ರಕಟಿಸಿದರು. ಆ ವರದಿಯನ್ನು ನಾವು ಆಗಲೇ ಓದಿ, ಸಹೋದ್ಯೋಗಿಗಳಿಗೂ ಓದಿಸಿದ್ದೆವು. ಓದುವುದು ಬೇರೆ, ಮೈಮೇಲೆ ಬರುವುದು ಬೇರೆ.

ಆಮೇಲೆ ಏನು ಬದಲಿಸಿದೆವೆಂಬುದನ್ನು ಹೇಳುತ್ತೇವೆ. ಮೊದಲು ನಮ್ಮ ಹುಡುಗರು ‘ಕಡಿಮೆ ಸಂಖ್ಯೆಯ ಬಣ ತಾನಾಗಿ ನಿಂತುಬಿಡಲಿ’ ಎಂಬ ಏರ್ಪಾಟು ಹಾಕೋಣವೆಂದರು. ಆ ಸೌಲಭ್ಯ ತಂತ್ರಾಂಶದಲ್ಲಿಯೇ ಇತ್ತು. ಆದರೆ ಎರಡು ಮತ್ತು ಎರಡು ಎಂದು ಸಮ ಪಾಲಾದಾಗ ಬಹುಮತ ಯಾರಿಗೂ ಇಲ್ಲ, ಎರಡೂ ನಿಂತುಬಿಡುತ್ತವೆ. ನಮ್ಮ ಹಿರಿಯರು ನ್ಯಾಯಕ್ಕೆ ಪಂಚರನ್ನು ಕೂಡಿಸಿದರೇ ಹೊರತು ನಾಲ್ವರನ್ನು ಕೂಡಿಸಲಿಲ್ಲ. ಐವರಲ್ಲಿ ಮೂವರು ಒಂದು ಕಡೆಯಾಗಲೇಬೇಕು. ಕೊನೆಗೆ ದೂರದ ಕ್ಲಸ್ಟರನ್ನೇ ಒಡೆದೆವು. ಹೈದರಾಬಾದಿನಲ್ಲಿ ಮೂರು ಸರ್ವರುಗಳ ಒಂದು ಮನೆ, ನವಿ ಮುಂಬಯಿಯಲ್ಲಿ ಮೂರರ ಇನ್ನೊಂದು ಮನೆ. ಎರಡೂ ಅಣ್ಣತಮ್ಮಂದಿರಂತೆ ಬೇರೆ ಬೇರೆ. ನಡುವೆ ಟಪಾಲು ಒಯ್ಯುವವನಂತೆ ಒಂದು ಸಣ್ಣ ಕಾರ್ಯಕ್ರಮ. ಅದು ಇಲ್ಲಿಂದ ಎತ್ತಿಕೊಂಡು ಅಲ್ಲಿಗೆ ಕೊಟ್ಟು, ಅಲ್ಲಿಯ ಪಾವತಿ ಕೈಗೆ ಬಂದ ಮೇಲೆಯೇ ಇಲ್ಲಿಯದನ್ನು ಅಳಿಸುತ್ತದೆ. ದಾರಿ ಕಡಿದರೆ ಟಪಾಲು ಇಲ್ಲಿಯೇ ಕಾಯುತ್ತದೆ. ಪಾವತಿ ಮಾತ್ರ ದಾರಿಯಲ್ಲಿ ಕಳೆದರೆ ಅದೇ ಸುದ್ದಿ ಎರಡು ಸಲ ಮುಟ್ಟಬಹುದು. ಅದಕ್ಕಾಗಿ ಪ್ರತಿಯೊಂದಕ್ಕೂ ಒಂದು ಸಂಖ್ಯೆ, ಬಂದ ಸಂಖ್ಯೆ ಮತ್ತೆ ಬಂದರೆ ಖಾತೆಗೆ ಏರಿಸಕೂಡದು. ಅದೇ ವರ್ಷದ ಕೊನೆಗೆ ಆ ತಂತ್ರಾಂಶದಲ್ಲಿ ಹೊಸ ಬಗೆಯ ಕ್ಯೂ ಬಂದಿತು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಡಿಯಾಗೊ ಆಂಗಾರೊ, ಜಾನ್ ಔಸ್ಟರ್‌ಹೌಟ್ ಅವರು 2014ರಲ್ಲಿ ಪ್ರಕಟಿಸಿದ ರ‍್ಯಾಫ್ಟ್ ಎಂಬ ವಿಧಾನ ಅದಕ್ಕೆ ಆಧಾರ. ಮೂವರಲ್ಲಿ ಇಬ್ಬರಾದರೂ ಬರೆದುಕೊಂಡ ಹೊರತು ಪಾವತಿಯಿಲ್ಲ. ಒಂಟಿಯಾಗಿ ಉಳಿದ ಸರ್ವರು ಬಾಯಿ ಬಿಡುವುದಿಲ್ಲ. ಇದನ್ನು ವಿವರಿಸಿದಾಗ ತಂದೆಯವರು, “ಸುಳ್ಳ ಪಾವತಿ ಕೊಡೋದಕ್ಕಿಂತ ಸುಮ್ಮ ಕೂಡೋದು ಬೇಸು” ಎಂದರು. ಹಳೆಯ ಬಗೆಯ ಪ್ರತಿಬಿಂಬದ ಕ್ಯೂಗಳನ್ನು 2024ರ ಆವೃತ್ತಿಯಲ್ಲಿ ತೆಗೆದೇ ಹಾಕಿದರು.

ಗೃಹಿಣಿಯರೂ ಹಿರಿಯರೂ ಈಗ ಫೋನಿನ ಮೂಲಕವೇ ಹಣ ಕೊಡುತ್ತಾರೆ. 2016ರಲ್ಲಿ ಯುಪಿಐ ಬಂದಂದಿನಿಂದ ಕಾಯಿಪಲ್ಲೆಯವರ ಬುಟ್ಟಿಯ ಮೇಲೂ ಚೌಕ ಚಿತ್ರವಿದೆ. ಆದುದರಿಂದ ಒಂದು ಉಪಯುಕ್ತ ಮಾತು. ‘ಖಾತೆಯಿಂದ ಹೋಯಿತು, ಅವರಿಗೆ ಮುಟ್ಟಲಿಲ್ಲ’ ಎಂದಾಗ ಆಗುವುದು ಬಹುಮಟ್ಟಿಗೆ ಇದೇ: ಹಣ ಎಲ್ಲಿಯೂ ಹೋಗಿರುವುದಿಲ್ಲ, ಸುದ್ದಿ ದಾರಿಯಲ್ಲಿ ನಿಂತಿರುತ್ತದೆ. ಗಾಬರಿಯಿಂದ ಕೂಡಲೆ ಮತ್ತೊಮ್ಮೆ ಕಳುಹಿಸಬಾರದು. ಪರದೆಯ ಮೇಲಿನ ವ್ಯವಹಾರದ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಬೇಕು. ರಿಸರ್ವ್ ಬ್ಯಾಂಕು 2019ರ ಸೆಪ್ಟೆಂಬರ್ 20ರ ಸುತ್ತೋಲೆಯಲ್ಲಿ ಇದಕ್ಕೆ ಗಡುವು ಹಾಕಿದೆ. ವ್ಯಕ್ತಿಗೆ ಕಳುಹಿಸಿದ ಯುಪಿಐ ಹಣ ಮುಟ್ಟದಿದ್ದರೆ ವ್ಯವಹಾರದ ಮರುದಿನದೊಳಗೆ, ಅಂಗಡಿಗೆ ಕೊಟ್ಟುದಾದರೆ ಐದು ದಿನಗಳೊಳಗೆ ತಾನಾಗಿ ಮರಳಬೇಕು. ಮೀರಿದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಸಲ್ಲಬೇಕು. ಕೇಳದೆಯೇ ಸಲ್ಲಬೇಕಾದುದು ಎಂದು ಅದರಲ್ಲಿದೆ. ಆದರೂ ಕೇಳುವುದು ಲೇಸೆಂಬುದು ನಮ್ಮ ಅನುಭವ.

2025ರಲ್ಲಿ ಅಂಚೆ ಇಲಾಖೆ ರಿಜಿಸ್ಟರ್ ಟಪಾಲನ್ನು ಸ್ಪೀಡ್ ಪೋಸ್ಟಿನೊಳಗೆ ಸೇರಿಸಿತು. ಪತ್ರಿಕೆಯಲ್ಲಿ ಅದನ್ನು ಓದಿದ ದಿನ ತಂದೆಯವರು ಹೆಚ್ಚು ಮಾತಾಡಲಿಲ್ಲ. ಹಳೆಯ ಪೆಟ್ಟಿಗೆಯಿಂದ ಎರಡು ಪಾವತಿಪುಸ್ತಕದ ರಟ್ಟುಗಳನ್ನು ತೆಗೆದು ಒರೆಸಿ ಮತ್ತೆ ಒಳಗಿಟ್ಟರು.

ಈಗ ನಾವು ವರ್ಷಕ್ಕೆರಡು ಸಲ, ಯಾರಿಗೂ ಕೇಡಿಲ್ಲದ ಹೊತ್ತು ನೋಡಿ, ಎರಡು ಊರುಗಳ ನಡುವಿನ ಸಂಪರ್ಕವನ್ನು ಬೇಕೆಂದೇ ಕಡಿದು ನೋಡುತ್ತೇವೆ. ಕಳೆದ ಸಲ ಆ ಪರೀಕ್ಷೆಯ ದಿನ ಬಸವಕಲ್ಯಾಣದಲ್ಲಿಯೇ ಇದ್ದೆವು. ತಂದೆಯವರು ನಿದ್ದೆಗೆಟ್ಟು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕುಳಿತರು. ಹತ್ತು ನಿಮಿಷ ಕಡಿದೆವು. ಸುದ್ದಿಗಳು ಅಲ್ಲಲ್ಲಿಯೇ ಸಾಲುಗಟ್ಟಿ ಕಾದವು. ಮತ್ತೆ ಜೋಡಿಸಿದೆವು, ಸಾಲು ಕರಗಿತು.

“ಕಳಿಸಿದ್ದು ಎಷ್ಟು?” ಎಂದರು.

ಹೇಳಿದೆವು.

“ಮುಟ್ಟಿದ್ದು?”

ಅಷ್ಟೇ ಎಂದೆವು. ಕನ್ನಡಕ ಹಾಕಿಕೊಂಡು ಎರಡೂ ಅಂಕಿಗಳನ್ನು ತಾವೇ ಪರದೆಯ ಮೇಲೆ ಓದಿ ನೋಡಿ, ಮಲಗಲು ಒಳಗೆ ಹೋದರು.